ಟ್ಯಾಂಗೊ ಶೋಗೆ ಊಟ ಸಮೇತ ಟಿಕೆಟ್ ತಗೊಳ್ಳಬೇಕಾ?

ಪ್ರಶ್ನೆ: ಮುಂದಿನ ತಿಂಗಳು ನಾನು, ನಮ್ಮ ಯಜಮಾನರು ಬ್ಯೂನಸ್ ಐರಿಸ್‌ಗೆ ಹೋಗುತ್ತಿದ್ದೇವೆ. ಟ್ಯಾಂಗೊ ಡಿನ್ನರ್ ಶೋ ನೋಡದೆ ಬರಬೇಡಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಊಟ ಸೇರಿದ ಟಿಕೆಟ್ ರೇಟು ನೋಡಿ ಎದೆ ಧಸಕ್ ಅಂತು. ಊಟ ಬೇಕೇ ಬೇಕಾ, ಬರೀ ಶೋ ಸಾಕಾ? ನಾವು ಸಸ್ಯಾಹಾರಿಗಳು.

ಉತ್ತರ: ಬರೀ ಶೋ ಸಾಕು.

ಅಲ್ಲಿನ ಊಟದಲ್ಲಿ ಮುಖ್ಯ ಐಟಂ ಅಂದರೆ ಬೀಫ್ ಮತ್ತು ಮಾಲ್ಬೆಕ್ ವೈನ್. ಎರಡನ್ನೂ ಮುಟ್ಟದವರಿಗೆ ಒಂದು ತಟ್ಟೆ ಪಾಸ್ತಾ, ಆಮೇಲೆ ಸಿಹಿ. ಅದಕ್ಕೆ ಅಷ್ಟು ದುಡ್ಡು ಯಾಕೆ? ಇನ್ನೊಂದು ಎಚ್ಚರ ಹೇಳಿಬಿಡುತ್ತೇನೆ. ಅಲ್ಲಿ 'ಕಾರ್ನೆ' ಅಂದರೆ ಮಾಂಸ ಅಂತ ಅರ್ಥ ಇದ್ದರೂ, ಜನರ ಬಾಯಲ್ಲಿ ಅದು ದನದ ಮಾಂಸ ಮಾತ್ರ. ನಾನು ಒಂದು ಕಡೆ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂತ ಹೇಳಿ ಜಂಬದಿಂದ ಕೂತಿದ್ದೆ. ಬಂದ ತಟ್ಟೆಯಲ್ಲಿ ಚೀಸ್ ಅಡಿ ಹಂದಿ ಮಾಂಸದ ತೆಳುವಾದ ಹಾಳೆ! ಮಾಣಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ಆದ್ದರಿಂದ ಕೋಳಿ, ಮೀನು, ಹ್ಯಾಮ್ ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಿ: 'ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಹಮೋನ್'.

ಹಾಗಾದರೆ ಹೊಟ್ಟೆಗೆ? ಆ ಊರಲ್ಲಿ ರಾತ್ರಿ ಎಂಟಕ್ಕೆ ಮುಂಚೆ ಬಹಳಷ್ಟು ಹೋಟೆಲ್‌ಗಳು ಊಟ ಕೊಡುವುದೇ ಇಲ್ಲ. ಪಿಜ್ಜಾ ಅಂಗಡಿಗಳು ಮಾತ್ರ ನಮ್ಮಂಥವರ ಪುಣ್ಯಕ್ಕೆ ತೆರೆದಿರುತ್ತವೆ. ಕೊರಿಯೆಂತೆಸ್ ಬೀದಿಯಲ್ಲಿ ಗೆರಿನ್ ಅನ್ನುವ ಅಂಗಡಿ 1932ರಿಂದ ಇದೆ. ಕೌಂಟರ್ ಪಕ್ಕ ನಿಂತುಕೊಂಡೇ ತಿನ್ನಬಹುದು, ಥೇಟ್ ನಮ್ಮ ದರ್ಶಿನಿ ಥರ. ಈರುಳ್ಳಿ, ಚೀಸ್ ತುಂಬಿದ 'ಫುಗಾಸೆತಾ' ಕೇಳಿ. ಅದರ ಮೇಲೆ 'ಫೈನಾ' ಅಂತ ಒಂದು ಹಳದಿ ತುಂಡು ಇಟ್ಟುಕೊಂಡು ತಿನ್ನುತ್ತಾರೆ. ಅದೇನಂತೀರಿ, ಕಡಲೆಹಿಟ್ಟು! ಇಟಲಿಯಿಂದ ವಲಸೆ ಬಂದವರು ತಂದ ತಿಂಡಿ ಅದು.

ಊಟದವರನ್ನು ಸಾಮಾನ್ಯವಾಗಿ ಎಂಟು, ಎಂಟೂವರೆಗೆ ಕೂರಿಸುತ್ತಾರೆ. ಶೋ ಶುರುವಾಗುವುದು ಹತ್ತರ ಸುಮಾರಿಗೆ. ನೀವು ಒಂಬತ್ತೂವರೆಗೆ ಹೋದರೆ ಆಯಿತು. ಒಂದೇ ನಷ್ಟ, ಮುಂದಿನ ಟೇಬಲ್‌ಗಳು ಹೆಚ್ಚಾಗಿ ಊಟದವರ ಪಾಲು. ನನ್ನನ್ನು ಕೇಳಿದರೆ ಸ್ವಲ್ಪ ಹಿಂದೆ ಕೂತರೇ ಕಾಲಿನ ಆಟ ಪೂರ್ತಿ ಕಾಣುತ್ತದೆ. ಹಾಂ, ವಿಮಾನ ಇಳಿದ ದಿನವೇ ಬುಕ್ ಮಾಡಬೇಡಿ. ಅಲ್ಲಿ ರಾತ್ರಿ ಹತ್ತು ಅಂದರೆ ಬೆಂಗಳೂರಲ್ಲಿ ಬೆಳಗಿನ 6:30. ರಾತ್ರಿಯಿಡೀ ನಿದ್ದೆಗೆಟ್ಟ ದೇಹಕ್ಕೆ ಎಂಥ ಟ್ಯಾಂಗೊ ಆದರೂ ಜೋಗುಳವೇ.

ಎಲ್ಲಿಗೆ ಹೋಗಬೇಕು ಅಂದರೆ, ಸಾನ್ ತೆಲ್ಮೊ ಬಡಾವಣೆಯ 'ಎಲ್ ವಿಯೆಹೊ ಅಲ್ಮಾಸೆನ್' ನನಗಿಷ್ಟ. ಗಾಯಕ ಎಡ್ಮುಂಡೊ ರಿವೆರೊ 1969ರಲ್ಲಿ ಶುರುಮಾಡಿದ ಜಾಗ. ಅಬಾಸ್ತೊ ಬಡಾವಣೆಯಲ್ಲಿ ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ಡೆಲ್ ಹೆಸರಿನದ್ದೊಂದು ಇದೆ. ಆತ 1935ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಆದರೂ ಅವನ ಹಾಡಿಲ್ಲದ ಶೋ ಸಿಗುವುದು ಕಷ್ಟ.

ಕುಣಿತದ ಮಧ್ಯೆ ಒಮ್ಮೆ ಬಾಂಡೋನಿಯನ್ ನುಡಿಸುವವರ ಕಡೆ ನೋಡಿ. ನಮ್ಮ ಹಾರ್ಮೋನಿಯಂ ಹಾಗೆ ತಿದಿಯ ಗಾಳಿಯಲ್ಲಿ ನುಡಿಯುವ ಪೆಟ್ಟಿಗೆ, ಹುಟ್ಟಿದ್ದು ಜರ್ಮನಿಯಲ್ಲಿ. ಮಂಡಿ ಮೇಲೆ ಒಂದು ಬಟ್ಟೆ ಹಾಸಿ, ಅದರ ಮೇಲೆ ಇಟ್ಟುಕೊಂಡು ಎಳೆಯುತ್ತಾರೆ. ಒಂದೇ ಗುಂಡಿ ಎಳೆಯುವಾಗ ಒಂದು ಸ್ವರ, ಒತ್ತುವಾಗ ಇನ್ನೊಂದು. ಸಾಮಾನ್ಯವಾಗಿ ಅಂಥ 71 ಗುಂಡಿ! ಹಾಡು ನಿಂತ ಮೇಲೂ ಉಳಿದ ಗಾಳಿ ಉಸ್ಸೆಂದು ಹೊರಗೆ ಹೋಗುವುದು ಕೇಳಿಸುತ್ತದೆ. ನಡುವೆ ಕುದುರೆ ಸವಾರರ ವೇಷದವರು ಹಗ್ಗಕ್ಕೆ ಕಟ್ಟಿದ ಗುಂಡುಗಳನ್ನು ಗಿರಗಿರ ತಿರುಗಿಸಿ ನೆಲಕ್ಕೆ ಟಕಟಕ ಬಡಿಯುತ್ತಾರೆ. ಅದು ಟ್ಯಾಂಗೊ ಅಲ್ಲ, ಪಂಪಾಸ್ ಬಯಲಿನ ಕಲೆ. ಆದರೆ ಜಾಸ್ತಿ ಚಪ್ಪಾಳೆ ಬೀಳುವುದು ಅದಕ್ಕೇ.

ಇನ್ನು, ನೀವು ಕೇಳದೆ ಇದ್ದದ್ದು. ಇದು 'ಸಾಂಪ್ರದಾಯಿಕ' ಟ್ಯಾಂಗೊನಾ? ಅರ್ಧ ಮಾತ್ರ. ಕಾಲು ಗಾಳಿಯಲ್ಲಿ ಹಾರಿಸುವುದು, ಹೆಂಗಸನ್ನು ಎತ್ತಿ ತಿರುಗಿಸುವುದು, ಇವೆಲ್ಲ ರಂಗಕ್ಕೆಂದು ಬೆಳೆಸಿದ ಆಟ. 1983ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿ 1985ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಹೋದ 'ಟ್ಯಾಂಗೊ ಅರ್ಜೆಂಟಿನೊ' ಪ್ರದರ್ಶನದಿಂದ ಈ ಥರದ ಕುಣಿತದ ಹುಚ್ಚು ಜಗತ್ತಿಗೆಲ್ಲ ಹಿಡಿಯಿತು. ಊರಿನವರು ಕುಣಿಯುವುದು ಮಿಲೋಂಗಾಗಳಲ್ಲಿ, ಅಂದರೆ ಟ್ಯಾಂಗೊ ಕುಣಿಯಲೆಂದೇ ಜನ ಸೇರುವ ಕೂಟಗಳಲ್ಲಿ. ಅಲ್ಲಿ ಕಾಲು ನೆಲ ಬಿಡುವುದು ಅಪರೂಪ. ಎಪ್ಪತ್ತು ದಾಟಿದ ಅಜ್ಜ ಕಣ್ಣಲ್ಲೇ ಕರೆಯುತ್ತಾರೆ. ಆ ಕಡೆ ಟೇಬಲ್‌ನ ಅಜ್ಜಿ ಸ್ವಲ್ಪ ತಲೆ ಆಡಿಸಿದರೆ ಒಪ್ಪಿಗೆ. ಇಷ್ಟವಿಲ್ಲದಿದ್ದರೆ ಅಜ್ಜಿಗೆ ಅಜ್ಜ ಕಾಣಿಸುವುದೇ ಇಲ್ಲ! ಯಾರಿಗೂ ಅವಮಾನವಿಲ್ಲ. ಆಮೇಲೆ ಇಬ್ಬರೂ ಎಲ್ಲರ ಜೊತೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಒಂದು ಸುತ್ತು.

ಊಟ ಬಿಟ್ಟು ಉಳಿಸಿದ ದುಡ್ಡಲ್ಲಿ ಇನ್ನೊಂದು ರಾತ್ರಿ ಅಲ್ಲಿಗೆ ಹೋಗಿ. ಮಿಲೋಂಗಾ ಟಿಕೆಟ್ ಶೋ ಟಿಕೆಟ್ ಮುಂದೆ ಏನೇನೂ ಅಲ್ಲ. ಕುಣಿಯಲು ಬಾರದಿದ್ದರೆ ಸುಮ್ನೆ ಕೂತು ನೋಡಿ, ಆದರೆ ಯಾರನ್ನೂ ದಿಟ್ಟಿಸಬೇಡಿ. ಕಣ್ಣಿಗೆ ಕಣ್ಣು ಸೇರಿತೋ, ಎದ್ದು ಬಂದುಬಿಡುತ್ತಾರೆ. 'ಲಾ ಕುಂಪರ್ಸೀತಾ' ಶುರುವಾದರೆ ಅದೇ ಕೊನೆ ಹಾಡು ಅಂತ ತಿಳಿಯಿರಿ. ಅದು ಮುಗಿಯುವ ಮುಂಚೆ ಹೊರಗೆ ಬಂದರೆ ಟ್ಯಾಕ್ಸಿ ಬೇಗ ಸಿಗುತ್ತದೆ.