ಪಟಾಕಿ ಮತ್ತು ಮಕ್ಕಳ ಕೈ: ಲೆಕ್ಕಕ್ಕೆ ಸಿಗದ ಗಾಯಗಳ ಹಿನ್ನೆಲೆ

ದೀಪಾವಳಿಯ ದಿನಗಳಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಎಷ್ಟು ಗಾಯಾಳುಗಳು ಬಂದರು, ಅವರಲ್ಲಿ ಮಕ್ಕಳೆಷ್ಟು, ಪಟಾಕಿ ಮುಟ್ಟದೆ ನೋಡುತ್ತ ನಿಂತಿದ್ದವರೆಷ್ಟು ಎಂಬ ವಿವರ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಅದೇ ರಾತ್ರಿ ಕೈ ಸುಟ್ಟುಕೊಂಡ ಮಕ್ಕಳ ಲೆಕ್ಕ ಹೀಗೆ ಒಂದೆಡೆ ಸೇರುವುದಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದ ಮಗು ಬಡಾವಣೆಯ ಕ್ಲಿನಿಕ್ಕಿಗೆ ಹೋಗುತ್ತದೆ, ಚರ್ಮ ಸುಲಿದ ಮಗು ಸುಟ್ಟಗಾಯಗಳ ವಾರ್ಡಿಗೆ, ಬೆರಳು ಛಿದ್ರಗೊಂಡ ಮಗು ಮೂಳೆ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಾ ವಿಭಾಗಕ್ಕೆ. ಸಣ್ಣ ಗಾಯಗಳು ಮನೆಯ ಅರಿಶಿನ, ಟೂತ್‌ಪೇಸ್ಟಿನಲ್ಲೇ ಮುಗಿದುಹೋಗುತ್ತವೆ. ಪಟಾಕಿಯ ಕುರಿತು ಇಷ್ಟು ವರ್ಷ ನಡೆದ ಚರ್ಚೆಯಲ್ಲಿ ಮಗುವಿನ ಕೈ ಕಾಣಿಸಿಕೊಂಡದ್ದು ಏಕಿಷ್ಟು ಕಡಿಮೆ ಎಂಬುದಕ್ಕೆ ಈ ಚದುರುವಿಕೆಯೂ ಒಂದು ಕಾರಣವಿರಬೇಕು.

15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಾಣಬಿರುಸುಗಳನ್ನು ಕಂಡು ಬರೆದ ಕಾಲದಿಂದ ಬಹುಕಾಲ ಇದು ಕಸುಬುದಾರರ ಕೈಯಲ್ಲಿದ್ದ ವಿದ್ಯೆ. 20ನೇ ಶತಮಾನದಲ್ಲಿ ತಮಿಳುನಾಡಿನ ಶಿವಕಾಶಿಯ ಬೆಂಕಿಪೊಟ್ಟಣದ ಉದ್ಯಮ ಪಟಾಕಿಗೂ ಹಬ್ಬಿದ ಮೇಲೆ ಅದು ಕಾಗದದ ಡಬ್ಬಿಯಲ್ಲಿ ಮನೆಮನೆಗೆ ಬಂದಿತು. 1884ರ ಸ್ಫೋಟಕಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದ್ದು, 18 ವರ್ಷ ತುಂಬದವರು ಸ್ಫೋಟಕಗಳನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ ಎನ್ನುತ್ತದೆ. ಮಕ್ಕಳ ಕೈ ನ್ಯಾಯಾಲಯದ ಕಣ್ಣಿಗೆ ಬಿದ್ದದ್ದೂ ಮೊದಲು ಈ ತಯಾರಿಕೆಯ ಕಡೆಯಿಂದಲೇ. ಶಿವಕಾಶಿಯ ಬಾಲಕಾರ್ಮಿಕರ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 10ರಂದು, ಕಾನೂನು ಮೀರಿ ಮಗುವನ್ನು ದುಡಿಸಿಕೊಂಡ ಮಾಲೀಕ ತಲಾ 20,000 ರೂಪಾಯಿ ಕಟ್ಟಬೇಕೆಂದು ಆದೇಶಿಸಿತು. ಪಟಾಕಿ ಕಟ್ಟುವ ಮಗುವಿಗೆ ಕಾನೂನಿನ ಒಂದಷ್ಟು ಆಸರೆ ದೊರೆಯಿತು. ಹಚ್ಚುವ ಮಗುವನ್ನು ಮನೆಯವರು ನೋಡಿಕೊಳ್ಳುತ್ತಾರೆಂಬ ನಂಬಿಕೆ ಹಾಗೆಯೇ ಉಳಿಯಿತು.

ಆಮೇಲಿನ ನಿಯಮಗಳೆಲ್ಲ ಬೇರೆ ದಾರಿ ಹಿಡಿದವು. 1999ರ ಕೇಂದ್ರದ ಅಧಿಸೂಚನೆ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಗಳನ್ನು ನಿಷೇಧಿಸಿತು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಕೂಡದೆಂದಿತು. 2015ರಲ್ಲಿ ದೆಹಲಿಯ ಮೂರು ಎಳೆಯ ಮಕ್ಕಳ ಹೆಸರಿನಲ್ಲಿ ಅವರ ತಂದೆಯಂದಿರು ಪಟಾಕಿ ನಿಷೇಧ ಕೋರಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಆ ಅರ್ಜಿಯ ಮಕ್ಕಳಿಗೆ ಆತಂಕವಿದ್ದದ್ದು ತಮ್ಮ ಶ್ವಾಸಕೋಶದ ಬಗ್ಗೆ, ಅದು ನ್ಯಾಯವೂ ಹೌದು. 2018ರ ಅಕ್ಟೋಬರ್ 23ರ ತೀರ್ಪು ಅದೇ ಅರ್ಜಿಯ ಮೇಲೆ ಬಂದಿತು: ಸರಪಟಾಕಿ ಬೇಡ, ಬೇರಿಯಂ ಎಂಬ ವಿಷಕಾರಿ ರಾಸಾಯನಿಕ ಬೇಡ, ಕಡಿಮೆ ಹೊಗೆಯ ‘ಹಸಿರು’ ಪಟಾಕಿ ಮಾತ್ರ ಸಾಕು, ಅದೂ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ. ಕರ್ನಾಟಕದಲ್ಲಿ 2020ರ ನವೆಂಬರ್‌ನಲ್ಲಿ ಸರ್ಕಾರ ಮೊದಲು ನಿಷೇಧವೆಂದು ಹೇಳಿ ಬಳಿಕ ಹಸಿರು ಪಟಾಕಿಗೆ ಒಪ್ಪಿತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಕೆಲಸಗಾರರು ಬೆಂದುಹೋದ ಮೇಲೆ ಮದುವೆ, ಮೆರವಣಿಗೆಗಳ ಪಟಾಕಿಗೂ ನಿಷೇಧ ಬಂದಿತು.

ಹೀಗೆ ಸದ್ದು, ಹೊತ್ತು, ಹೊಗೆ, ಮಳಿಗೆ ಎಲ್ಲಕ್ಕೂ ಅಳತೆ ಸಿಕ್ಕಿತು. ಹಸಿರು ಎಂಬ ಹೆಸರಿನಿಂದಲೇ ಒಂದು ತಪ್ಪು ಧೈರ್ಯವೂ ಹುಟ್ಟಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ನೇತೃತ್ವದಲ್ಲಿ ರೂಪುಗೊಂಡ ಈ ಪಟಾಕಿಗಳ ಗುರಿ ಹೊಗೆಯ ಕಣಗಳನ್ನು ಕನಿಷ್ಠ ಶೇ 30ರಷ್ಟು ತಗ್ಗಿಸುವುದು. ಮುಷ್ಟಿಯೊಳಗೆ ಸಿಡಿದರೆ ಅದೂ ಪಟಾಕಿಯೇ.

ಮುಷ್ಟಿಯೊಳಗೆ ಏನಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಮಾತಾಡಿಲ್ಲ. ಪಟಾಕಿ ಹಿಡಿಯುವುದು ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳಿನಿಂದ. ಸ್ಫೋಟದ ಪೆಟ್ಟು ಮೊದಲು ಬೀಳುವುದೂ ಅವಕ್ಕೇ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿ ಸೀಳುತ್ತದೆ, ನರ ಮತ್ತು ರಕ್ತನಾಳಗಳು ಜಜ್ಜಿಹೋಗುತ್ತವೆ. ಚೂಪಾದ ಆಯುಧದಿಂದ ತುಂಡಾದ ಬೆರಳನ್ನು ಮರುಜೋಡಿಸಲು ಸಾಧ್ಯವಾಗುವಷ್ಟು ಸಲ ಸ್ಫೋಟದಲ್ಲಿ ಹೋದ ಬೆರಳನ್ನು ಜೋಡಿಸಲಾಗದಿರುವುದು ಇದೇ ಕಾರಣಕ್ಕೆ. ಹೆಬ್ಬೆರಳು ಹೋದರೆ ಕೈಯ ಹಿಡಿತವೇ ಹೋಗುತ್ತದೆ. ಕೆಲವೊಮ್ಮೆ ಕಾಲ್ಬೆರಳನ್ನು ತೆಗೆದು ಆ ಜಾಗದಲ್ಲಿ ಕೂರಿಸಬೇಕಾಗುತ್ತದೆ.

ಮಕ್ಕಳಿಗೆಂದೇ ಕೊಡುವ ಸುರುಸುರುಬತ್ತಿಯ ವಿಚಾರ ಬೇರೆ. ಅದು ಸಿಡಿಯುವುದಿಲ್ಲ, ಆದ್ದರಿಂದ ಮೂರು ವರ್ಷದ ಕೂಸಿನ ಕೈಗೂ ಧೈರ್ಯವಾಗಿ ಹಿಡಿಸುತ್ತೇವೆ. ಉರಿಯುವ ತುದಿಯ ತಾಪ 1,000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಹೋಗುತ್ತದೆ, ಬೆಳಕು ಆರಿದ ಮೇಲೂ ತಂತಿ ಸುಡುತ್ತಲೇ ಇರುತ್ತದೆ, ಮತ್ತು ಕಿಡಿ ನಿಂತ ಕೂಡಲೇ ಮಗು ಅದನ್ನೇ ಮುಟ್ಟಲು ಹೋಗುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮರುದಿನದ ಬೆಳಗು. ಬೀದಿ ಗುಡಿಸುವವರು ಬರುವ ಮೊದಲೇ ಮಕ್ಕಳು ಕೆಂಪು ಕಾಗದದ ರಾಶಿಯಲ್ಲಿ ಠುಸ್ ಆದ ಪಟಾಕಿಗಳನ್ನು ಹುಡುಕುತ್ತಾರೆ. ನಮ್ಮ ಊರುಗಳಲ್ಲಿ ಬೆಳೆದವರಿಗೆ ಈ ಆಟ ಗೊತ್ತು: ಪಟಾಕಿಯನ್ನು ನಡುವೆ ಮುರಿದು ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರುವುದು, ಇಲ್ಲವೇ ಬತ್ತಿ ಉದುರಿದ್ದನ್ನು ಕೈಯಲ್ಲೇ ಹಿಡಿದು ಊದುಬತ್ತಿ ಮುಟ್ಟಿಸಿ ನೋಡುವುದು. ಬತ್ತಿ ಉರಿಯುವಾಗ ಓಡಿಹೋಗಲು ಸಿಗುವ ಕೆಲವು ಕ್ಷಣಗಳು ಇಲ್ಲಿ ಸಿಗುವುದಿಲ್ಲ. ಸುರಿದ ಮದ್ದು ಒಮ್ಮೆಗೇ ಭಗ್ಗನೆ ಹತ್ತುತ್ತದೆ, ಬಗ್ಗಿ ನೋಡುತ್ತಿದ್ದ ಮುಖವೂ ಅದರ ಮೇಲೇ ಇರುತ್ತದೆ. ಹೀಗೆ ಹೆಕ್ಕುವವರಲ್ಲಿ ಪಟಾಕಿ ಕೊಳ್ಳಲಾಗದ ಮನೆಯ ಮಕ್ಕಳೂ ಇರುತ್ತಾರೆ. 8ರಿಂದ 10ರ ಕಾಲಮಿತಿ ಅವರ ಹೊತ್ತಿಗೆ ಮುಗಿದುಹೋಗಿರುತ್ತದೆ, ಹಿಂದಿನ ರಾತ್ರಿ ಹಚ್ಚಿದವರು ಇನ್ನೂ ಮಲಗಿರುತ್ತಾರೆ.

ಗಾಯವಾದ ಮೇಲೆ ಮಾಡಬೇಕಾದ್ದು ಸರಳ: ಉಂಗುರ, ಬಳೆ, ದಾರ ಬಿಚ್ಚಿ, ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯುವುದು. ಮಂಜುಗಡ್ಡೆ, ಶಾಯಿ, ಪೇಸ್ಟ್, ತುಪ್ಪ ಯಾವುದೂ ಬೇಡ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಬೇಕು. ಬೆರಳಿಗೆ ಮಂಜು ನೇರವಾಗಿ ತಾಗಬಾರದು.

ದೊಡ್ಡವರ ಕೈಗೂ ಮಕ್ಕಳ ಕೈಗೂ ಇರುವ ವ್ಯತ್ಯಾಸ ತಿಳಿಯುವುದು ವರ್ಷಗಳ ನಂತರ. ಮೂಳೆ ಬೆಳೆಯುತ್ತದೆ, ಸುಟ್ಟ ಕಲೆಯ ಚರ್ಮ ಅದರ ಸಮಕ್ಕೆ ಹಿಗ್ಗುವುದಿಲ್ಲ. ಬೆರಳು ಒಳಕ್ಕೆ ಬಾಗತೊಡಗುತ್ತದೆ. ಮೂಳೆಯ ಬೆಳವಣಿಗೆಯ ಪದರಕ್ಕೇ ಪೆಟ್ಟಾಗಿದ್ದರೆ ಆ ಬೆರಳು ಗಿಡ್ಡವಾಗಿಯೇ ಉಳಿಯುತ್ತದೆ. ರಾತ್ರಿ ಪಟ್ಟಿ ಕಟ್ಟಿ ಮಲಗಿಸುವುದು, ಫಿಸಿಯೋಥೆರಪಿ, ಚರ್ಮ ಬಿಡಿಸಿ ಕಸಿ ಮಾಡುವ ಮರುಶಸ್ತ್ರಚಿಕಿತ್ಸೆ, ಇವು ಬೆಳವಣಿಗೆ ನಿಲ್ಲುವವರೆಗೂ ನಡೆಯಬೇಕಾಗಬಹುದು, ಪ್ರತಿಯೊಂದಕ್ಕೂ ತಂದೆತಾಯಿಯ ಒಂದು ದಿನದ ದುಡಿಮೆ ತಪ್ಪುತ್ತದೆ.

2025ರ ಅಕ್ಟೋಬರ್ 15ರಂದು ದೆಹಲಿ ವಲಯಕ್ಕೆ ಹಸಿರು ಪಟಾಕಿಗೆ ಅನುಮತಿ ನೀಡಿದ ಸುಪ್ರೀಂ ಕೋರ್ಟಿನ ಆದೇಶದಲ್ಲಿಯೂ ಹಚ್ಚುವ ಹೊತ್ತು, ಮಾರುವ ದಿನ, ಕ್ಯೂಆರ್ ಕೋಡ್‌ಗಳಿಗೆ ಜಾಗವಿತ್ತು. ಹಚ್ಚುವ ಜಾಗದಲ್ಲಿ ಒಂದು ಬಕೆಟ್ ನೀರಿರಬೇಕು, ಬಳಸಿದ ಸುರುಸುರುಬತ್ತಿಯ ತಂತಿ ಅದರೊಳಗೆ ಬೀಳಬೇಕು, ಠುಸ್ ಆದದ್ದರ ಮೇಲೆ ಅದೇ ನೀರನ್ನು ರಾತ್ರಿಯೇ ಸುರಿದು ಬೆಳಗಾಗುವ ಮುನ್ನ ಗುಡಿಸಿ ತೆಗೆಯಬೇಕು ಎಂಬ ಮಾತು ಪಟಾಕಿ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಿಂದ ಇಂಥ ಆದೇಶಗಳೊಳಕ್ಕೆ ಬರುವುದು ಬಾಕಿಯಿದೆ.