ಲಿಂಕ್ ಸತ್ತರೂ ಪ್ರಬಂಧ ಸಿಗಬೇಕು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಸಂಶೋಧಕರ ಪ್ರಬಂಧಗಳಿಗಾಗಿ 2002ರಲ್ಲೇ ಇಪ್ರಿಂಟ್ಸ್ ಭಂಡಾರ ತೆರೆಯಿತು. ಆಗ ಸಂಸ್ಥೆಯ ಜಾಲವಿಳಾಸ 'ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್' ಎಂದಿತ್ತು, ಈಗ 'ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್' ಆಗಿದೆ. ಹಳೆಯ ವಿಳಾಸವನ್ನು ಅಡಿಟಿಪ್ಪಣಿಯಲ್ಲಿ ಅಚ್ಚು ಹಾಕಿಸಿಕೊಂಡ ಪ್ರಬಂಧಗಳನ್ನು ಈಗ ಯಾರೂ ತಿದ್ದಲಾರರು. ದೊಡ್ಡ ಸಂಸ್ಥೆಯ ವಿಳಾಸವೇ ಬದಲಾಗುತ್ತದೆ ಎಂದಮೇಲೆ, ವಿಭಾಗದ ಸರ್ವರ್‌ನಲ್ಲಿರುವ ಒಬ್ಬ ಸಂಶೋಧಕಿಯ ಪುಟ ಎಷ್ಟು ದಿನ ಉಳಿದೀತು? ಕೆಲಸ ಬಿಟ್ಟರೆ ಖಾತೆ ಮುಚ್ಚುತ್ತದೆ, ಪುಟವೂ ಹೋಗುತ್ತದೆ.

ಜಾಲವಿಳಾಸ ಹೇಳುವುದು ಕಡತ ಎಲ್ಲಿದೆ ಎಂಬುದನ್ನು. ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್) ಎಂಬ ಗುರುತುಸಂಖ್ಯೆ ಗುರುತಿಸುವುದು ಕೃತಿಯನ್ನೇ. ಅದು 10 ಎಂಬ ಅಂಕಿ, ಒಂದು ಚುಕ್ಕಿಯಿಂದ ಶುರುವಾಗುತ್ತದೆ. ಓರೆಗೆರೆಯ (/) ಎಡಗಡೆಯ ಭಾಗ ನೋಂದಾಯಿಸಿದವರದು, ಬಲಗಡೆಯದು ಆ ಕೃತಿಯದು. ಡಿಒಐ ಒತ್ತಿದಾಗ 'ಡಿಒಐ ಡಾಟ್ ಒಆರ್‌ಜಿ' ತನ್ನ ಪಟ್ಟಿಯಲ್ಲಿ ಸದ್ಯದ ವಿಳಾಸ ಹುಡುಕಿ ಅಲ್ಲಿಗೆ ಕಳಿಸುತ್ತದೆ. ಕಡತ ಜಾಗ ಬದಲಿಸಿದರೆ ನೋಂದಾಯಿಸಿದವರು ಪಟ್ಟಿಯ ಒಂದು ಸಾಲು ತಿದ್ದಬೇಕು, ಅಷ್ಟೇ. ಅವರು ತಿದ್ದದಿದ್ದರೆ ಡಿಒಐ ಕೂಡ ಸಾಯುತ್ತದೆ. ಹಾಗಾಗಿ ಈ ಜವಾಬ್ದಾರಿಯನ್ನು ಯಾರಿಗೆ ಒಪ್ಪಿಸುತ್ತೀರಿ ಎಂಬುದೇ ಮುಖ್ಯ.

ನಿಯತಕಾಲಿಕೆಯ ಲೇಖನಕ್ಕೆ ಪ್ರಕಾಶಕರೇ ಡಿಒಐ ಕೊಟ್ಟಿರುತ್ತಾರೆ. ಕ್ಷೇತ್ರಕಾರ್ಯದ ದತ್ತಾಂಶ, ಸಮ್ಮೇಳನದ ಸ್ಲೈಡು, ಕೋಡ್, ಕನ್ನಡದಲ್ಲಿ ಬರೆದ ವರದಿ, ಇವೆಲ್ಲ ಅನಾಥ. ಇವಕ್ಕೆ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್ ನಡೆಸುವ ಝೆನೋಡೊ ಎಂಬ ಜಾಲಭಂಡಾರ ಒಳ್ಳೆಯ ಜಾಗ: 2013ರಿಂದ ಇದೆ, ಉಚಿತ, ಒಂದು ದಾಖಲೆಗೆ 50 ಜಿಬಿವರೆಗೆ ಹಾಕಬಹುದು. ಪ್ರಕಟಿಸುವ ಮೊದಲೇ ಡಿಒಐ ಕಾಯ್ದಿರಿಸಿ, ಅದನ್ನು ಪಿಡಿಎಫ್‌ನ ಮೊದಲ ಪುಟದಲ್ಲಿ ಸೇರಿಸಿ, ಆಮೇಲೆ ಕಡತ ಏರಿಸಿ. ಪ್ರಕಟಿಸುವವರೆಗೆ ಆ ಲಿಂಕ್ ಕೆಲಸ ಮಾಡುವುದಿಲ್ಲ, ಗಾಬರಿ ಬೇಡ. ಶೀರ್ಷಿಕೆ ಕನ್ನಡದ್ದಾದರೆ ಕನ್ನಡ ಲಿಪಿಯಲ್ಲೇ ಕೊಡಿ, ಇಂಗ್ಲಿಷ್ ಅನುವಾದವನ್ನು ಹೆಚ್ಚುವರಿ ಶೀರ್ಷಿಕೆಯಾಗಿ ಸೇರಿಸಿ. ಲೇಖನಕ್ಕೆ ಈಗಾಗಲೇ ಡಿಒಐ ಇದ್ದರೆ ಅದನ್ನೇ ನಮೂದಿಸಿ. ಎರಡನೆಯದು ಪಡೆದರೆ ಉಲ್ಲೇಖಗಳು ಎರಡು ಕಡೆ ಹಂಚಿಹೋಗುತ್ತವೆ.

ಝೆನೋಡೊ ಎರಡು ಡಿಒಐ ಕೊಡುತ್ತದೆ. ಒಂದು ಆ ಆವೃತ್ತಿಗೆ, ಇನ್ನೊಂದು ಎಲ್ಲ ಆವೃತ್ತಿಗಳಿಗೂ ಸೇರಿ. ಎರಡನೆಯದು ಸದಾ ಹೊಸ ಆವೃತ್ತಿಗೆ ಒಯ್ಯುತ್ತದೆ. ಬಯೋಡೇಟಾದಲ್ಲಿ ಹಾಕಲು ಅದೇ ಸರಿ. ಲೆಕ್ಕಾಚಾರಕ್ಕೆ ಬಳಸಿದ ದತ್ತಾಂಶವನ್ನು ಉಲ್ಲೇಖಿಸುವಾಗ ಮಾತ್ರ ಆವೃತ್ತಿಯ ಡಿಒಐ ಕೊಡಬೇಕು, ಇಲ್ಲವಾದರೆ ಓದುಗರಿಗೆ ಬೇರೆ ಅಂಕಿಗಳು ಸಿಕ್ಕಾವು.

ಕೃತಿಯಷ್ಟೇ ತೊಡಕಿನದು ಕರ್ತೃವಿನ ಹೆಸರು. ನಮ್ಮಲ್ಲಂತೂ ಇನಿಷಿಯಲ್‌ಗಳ ಕಾಟ: ಊರು, ತಂದೆ ಎರಡೂ ಒಂದೊಂದು ಅಕ್ಷರವಾಗಿ ಮಂಜುನಾಥನ ಮುಂದೊಮ್ಮೆ, ಹಿಂದೊಮ್ಮೆ ಕೂರುತ್ತವೆ, ಕೆಲವು ನಿಯತಕಾಲಿಕೆಗಳು 'ಕೆ' ಎಂಬ ಇನಿಷಿಯಲ್ಲನ್ನೇ ಮನೆತನದ ಹೆಸರೆಂದು ಭಾವಿಸುತ್ತವೆ. ಸಂಶೋಧಕರಿಗೆ ಗುರುತುಸಂಖ್ಯೆ ಕೊಡಲು 2012ರಲ್ಲಿ ಶುರುವಾದ ಆರ್ಕಿಡ್ (ಒಆರ್‌ಸಿಐಡಿ) ಎಂಬ ಸೇವೆಯ 16 ಅಂಕಿಗಳ ಗುರುತು ಇದಕ್ಕೆ ಮದ್ದು. ಹೆಸರಿನ ಬೇರೆ ರೂಪಗಳನ್ನೂ ಅಲ್ಲೇ ದಾಖಲಿಸಬಹುದು. ಕೊನೆಯ ಅಂಕಿ ಮೊದಲ 15ರಿಂದ ಲೆಕ್ಕ ಹಾಕಿದ್ದು. ಆರ್ಕಿಡ್ ಉದಾಹರಣೆಗೆಂದೇ ಕಲ್ಪಿತ ವ್ಯಕ್ತಿಗೆ ಕೊಟ್ಟಿರುವ 0000-0002-1825-0097 ತೆಗೆದುಕೊಳ್ಳಿ. ಎಡದಿಂದ ಒಂದೊಂದೇ ಅಂಕಿ ಕೂಡಿಸಿ, ಪ್ರತಿ ಸಲ ಮೊತ್ತವನ್ನು ಇಮ್ಮಡಿಸುತ್ತ ಹೋದರೆ 15ನೆಯ ಅಂಕಿಗೆ 1314 ಬರುತ್ತದೆ. 11ರಿಂದ ಭಾಗಿಸಿದರೆ ಶೇಷ 5. 12ರಲ್ಲಿ 5 ಕಳೆದರೆ 7. ಒಂದು ಅಂಕಿ ತಪ್ಪಾಗಿ ಟೈಪಿಸಿದರೂ ಲೆಕ್ಕ ತಾಳೆಯಾಗುವುದಿಲ್ಲ. ಉತ್ತರ 10 ಬಂದರೆ ಅಲ್ಲಿ 'ಎಕ್ಸ್' ಬರೆಯುತ್ತಾರೆ.

ಆರ್ಕಿಡ್ ಖಾತೆಗೆ ಕಾಲೇಜಿನ ಇಮೇಲ್ ಒಂದನ್ನೇ ಕೊಟ್ಟವರು ಇವತ್ತೇ ಸ್ವಂತದ್ದೊಂದನ್ನು ಸೇರಿಸಿ. ಸಂಸ್ಥೆ ಬಿಟ್ಟಮೇಲೆ ಪಾಸ್‌ವರ್ಡ್ ಮರೆತರೆ ಆ ಹಳೆಯ ವಿಳಾಸ ಉಪಯೋಗಕ್ಕೆ ಬಾರದು. ಇನ್ನು, ಆರ್ಕಿಡ್ ಕಡತಗಳನ್ನು ಇಟ್ಟುಕೊಳ್ಳುವುದಿಲ್ಲ, ಪಟ್ಟಿ ಮಾತ್ರ.

ಚಿಕ್ಕ ತಪ್ಪುಗಳೇ ಹೆಚ್ಚು ಕಾಡುತ್ತವೆ. ವಾಕ್ಯದ ಕೊನೆಯ ಚುಕ್ಕಿ ಡಿಒಐಗೆ ಅಂಟಿಕೊಂಡರೆ ಲಿಂಕ್ ತೆರೆಯದು. ಕಿರಿದು ಮಾಡಿದ ಲಿಂಕ್‌ಗಳನ್ನು ಪ್ರಬಂಧದಲ್ಲಿ ಬಳಸಲೇಬೇಡಿ. ಗೂಗಲ್ ತನ್ನ ಅಂಥ ಸೇವೆಯಲ್ಲಿ ಹೊಸ ಲಿಂಕ್ ಮಾಡಿಕೊಡುವುದನ್ನು 2019ರಲ್ಲೇ ನಿಲ್ಲಿಸಿತು. ಡಿಒಐ ಇಲ್ಲದ ಜಾಲಪುಟವನ್ನು ಉಲ್ಲೇಖಿಸಬೇಕಾದರೆ ಮೊದಲು ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಅದರ ಪ್ರತಿ ಉಳಿಸಿ, ಆ ಪ್ರತಿಯನ್ನು ತೆರೆದು ಚಿತ್ರ, ಕೋಷ್ಟಕಗಳು ಬಂದಿವೆಯೇ ನೋಡಿ, ಮೂಲ ವಿಳಾಸ, ಪ್ರತಿಯ ವಿಳಾಸ, ಉಳಿಸಿದ ದಿನಾಂಕ ಮೂರನ್ನೂ ಬರೆಯಿರಿ.