ಫೋರ್ಜಿಂಗ್ ಬಿಸಿಯಲ್ಲೇ ಕ್ವೆಂಚ್ ಮಾಡಬಹುದಾ?

ಪ್ರಶ್ನೆ: ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ಆಕಾರ ಕೊಟ್ಟ ಉಕ್ಕಿನ ಭಾಗ ಹೇಗೂ ಕೆಂಪಗೆ ಕಾದಿರುತ್ತದೆ. ಅದನ್ನು ಆರಲು ಬಿಟ್ಟು, ಮತ್ತೆ ಕಾಯಿಸಿ, ಆಮೇಲೆ ಗಟ್ಟಿಯಾಗಲೆಂದು ಎಣ್ಣೆಗೆ ಹಾಕಿ ಸರ್ರನೆ ತಣಿಸುತ್ತಾರೆ (ಇದೇ ಕ್ವೆಂಚ್). ಅದೇ ಬಿಸಿಯಲ್ಲಿ ನೇರವಾಗಿ ಅದ್ದಿಬಿಟ್ಟರೆ ಆಗಲ್ವಾ?

ಆಗುತ್ತದೆ. ಕಾರ್ಖಾನೆಗಳಲ್ಲಿ ಹಾಗೆ ಮಾಡುವುದೂ ಉಂಟು. ಮತ್ತೆ 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುವ ಇಂಧನವೂ ಸಮಯವೂ ಉಳಿಯುತ್ತವೆ. ಆದರೆ ಬಿಸಿ ಇದ್ದರೆ ಸಾಲದು. ಅದ್ದುವ ಹೊತ್ತಿಗೆ ಎಷ್ಟು ಬಿಸಿ ಇದೆ, ಎಲ್ಲ ಕಡೆ ಒಂದೇ ಸಮ ಇದೆಯಾ ಅನ್ನೋದೇ ಮುಖ್ಯ.

0.4% ಕಾರ್ಬನ್ ಇರುವ ಉಕ್ಕನ್ನು ತೆಗೆದುಕೊಳ್ಳಿ. ಸುಮಾರು 800 ಡಿಗ್ರಿ ದಾಟಿದ ಮೇಲೆ ಅದು ಪೂರ್ತಿ ಆಸ್ಟಿನೈಟ್ ಎಂಬ ಬಿಸಿ ರೂಪಕ್ಕೆ ಬಂದಿರುತ್ತದೆ, ಕಾರ್ಬನ್ ಅದರೊಳಗೆ ಕರಗಿರುತ್ತದೆ. ಆಗ ಸರ್ರನೆ ತಣಿಸಿದರೆ ಕಾರ್ಬನ್ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಹುಟ್ಟುವುದು ಗಟ್ಟಿಯಾದ ಮಾರ್ಟೆನ್ಸೈಟ್. ಫೋರ್ಜಿಂಗ್ ನಡೆಯುವುದು 1200 ಡಿಗ್ರಿಯ ಹತ್ತಿರ, ಹಾಗಾಗಿ ಈ ಷರತ್ತು ಮೊದಲೇ ಪೂರೈಸಿರುತ್ತದೆ.

ತೊಂದರೆ ಶುರುವಾಗುವುದು ಕಣಗಳಿಂದ, ಅಂದರೆ ಉಕ್ಕಿನೊಳಗಿನ ಪುಟ್ಟ ಹರಳುಗಳಿಂದ. ಅಷ್ಟು ಬಿಸಿಯಲ್ಲಿ ಉಕ್ಕಿನ ಕಣಗಳು ದಪ್ಪಗಾಗುತ್ತವೆ. ಹೊಡೆತ ಬಿದ್ದಾಗ ಹೊಸದಾಗಿ ಸಣ್ಣ ಕಣಗಳು ಹುಟ್ಟುತ್ತವೆ ನಿಜ, ಆದರೆ ಬಿಸಿ ಇಳಿಯದಿದ್ದರೆ ಅವೂ ಬೆಳೆಯತೊಡಗುತ್ತವೆ. ದಪ್ಪ ಕಣದ ಉಕ್ಕು ಜಾಸ್ತಿ ಆಳದವರೆಗೆ ಗಟ್ಟಿಯಾಗುತ್ತದೆ, ಆದರೆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಕ್ವೆಂಚ್‌ನಲ್ಲೇ ಬಿರುಕು ಬಿಡುವ ಭಯವೂ ಹೆಚ್ಚು. ತಣ್ಣಗಾಗಿಸಿ ಮತ್ತೆ ಕಾಯಿಸಿದಾಗ ಕಣಗಳು ಹೊಸದಾಗಿ, ಸಣ್ಣದಾಗಿ ಕಟ್ಟಿಕೊಳ್ಳುತ್ತವೆ. ಅಂದರೆ ಎರಡನೇ ಸಲ ಕಾಯಿಸೋದು ಸುಮ್ನೆ ಖರ್ಚಲ್ಲ.

ಎಂಜಿನ್‌ನ ಕನೆಕ್ಟಿಂಗ್ ರಾಡನ್ನೇ ನೋಡಿ. ಡೈಯಿಂದ (ಆಕಾರ ಕೊಡುವ ಅಚ್ಚಿನಿಂದ) ಹೊರಬಂದಾಗ ದಪ್ಪನೆಯ ದೊಡ್ಡ ತುದಿ ಹಳದಿ ಮಿಶ್ರಿತ ಕೆಂಪು. ನಡುವಿನ ತೆಳು ದಂಡ ಆಗಲೇ ಮಂಕಾಗುತ್ತಿರುತ್ತದೆ. ಸುತ್ತಲಿನ ತೆಳ್ಳನೆ ಫ್ಲ್ಯಾಶ್, ಅಂದರೆ ಡೈಯಿಂದ ಹೊರಚಾಚಿದ ಹೆಚ್ಚುವರಿ ಲೋಹ, ಇನ್ನೂ ಬೇಗ ಕಪ್ಪಾಗುತ್ತದೆ. ಫ್ಲ್ಯಾಶ್ ಕತ್ತರಿಸುವಾಗ ಇನ್ನಷ್ಟು ಸೆಕೆಂಡು ಹೋಗುತ್ತವೆ. ಇಷ್ಟರಲ್ಲಿ ತೆಳು ಭಾಗದ ಬಿಸಿ ತೀರಾ ಇಳಿದರೆ ಅಲ್ಲಿ ಮೆತ್ತನೆಯ ಫೆರೈಟ್ ಬಂದುಬಿಡುತ್ತದೆ. ಆಮೇಲೆ ಎಷ್ಟು ವೇಗವಾಗಿ ತಣಿಸಿದರೂ ಅದು ಗಟ್ಟಿಯಾಗಲ್ಲ. ಮೈಮೇಲಿನ ಆಕ್ಸೈಡ್ ಪೊರೆ ಅಲ್ಲಲ್ಲಿ ಉದುರಿ ಅಲ್ಲಲ್ಲಿ ಅಂಟಿಕೊಂಡಿದ್ದರೆ ತಣಿಯುವ ವೇಗವೂ ಒಂದೇ ಸಮ ಇರದು.

ಅದಕ್ಕೇ ಈ ವಿಧಾನ ಒಂದೇ ಬಗೆಯ ಭಾಗಗಳು ಒಂದೇ ಲಯದಲ್ಲಿ ಹೊರಬರುವ ಕಡೆಗೆ ಚೆನ್ನಾಗಿ ಹೊಂದುತ್ತದೆ. ಕ್ವೆಂಚ್‌ಗೆ ಮುಂಚೆ ಬಿಸಿ ಸಮ ಮಾಡಲು ಸಣ್ಣ ಕುಲುಮೆಯಲ್ಲಿ ಸ್ವಲ್ಪ ಹೊತ್ತು ಇಡುವುದೂ ಇದೆ. ನನ್ನ ಪ್ರಕಾರ ಅದು ಒಳ್ಳೆಯ ಕ್ರಮ. ಬಿಸಿ ಅಳೆಯದೆ ಬರೀ ಬಣ್ಣ ನೋಡಿ ಅದ್ದುವುದು ಬೇಡ.

ಟೆಂಪರಿಂಗ್ (ಕ್ವೆಂಚ್ ಆದ ಭಾಗವನ್ನು ಕಡಿಮೆ ಬಿಸಿಗೆ ಮತ್ತೆ ಕಾಯಿಸಿ ಪೆಡಸುತನ ಇಳಿಸುವುದು) ಮಾತ್ರ ಎರಡೂ ದಾರಿಯಲ್ಲಿ ತಪ್ಪಿದ್ದಲ್ಲ. ತಣಿದ ಭಾಗವನ್ನು ತಡಮಾಡದೆ ಟೆಂಪರ್ ಮಾಡಬೇಕು, ಇಲ್ಲದಿದ್ದರೆ ಒಳಗಿನ ಒತ್ತಡಕ್ಕೆ ನಿಂತಲ್ಲೇ ಸೀಳಬಹುದು. ಇನ್ನು ಪ್ರೆಸ್ ಯಂತ್ರ ಮಧ್ಯದಲ್ಲಿ ನಿಂತುಹೋಗಿ ತಡವಾದ ಭಾಗಗಳನ್ನು ಎಣ್ಣೆಗೆ ಹಾಕಲೇಬೇಡಿ. ಬೇರೆ ಇಡಿ, ಪೂರ್ತಿ ಆರಲಿ, ಹಳೆ ಕ್ರಮದಲ್ಲೇ ಮತ್ತೆ ಕಾಯಿಸಿ ಕ್ವೆಂಚ್ ಮಾಡಿ.